ಆಂಗ್ಲ ಭಾಷಾಬೋಧನೆಯ ಸಾಧಕ ಮೈಕೇಲ್ ವೆಸ್ಟ್

ವಿದ್ಯಾಸಂಸ್ಥೆಗಳು ತಮ್ಮ ಕೀರ್ತಿಯನ್ನು ಸಾಮಾನ್ಯವಾಗಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಸಂಖ್ಯೆಯಿಂದ ಅಳೆಯುತ್ತವೆ. ಆ ಪರೀಕ್ಷೆಯ ಬಾಗಿಲನ್ನು ಮುಟ್ಟುವ ಮೊದಲೇ ಬಡತನದಿಂದಲೋ ಮನೆಯ ದುಡಿಮೆಯ ಒತ್ತಾಯದಿಂದಲೋ ಶಾಲೆಯನ್ನು ತೊರೆದುಹೋದ ಮಕ್ಕಳ ಲೆಕ್ಕವನ್ನು ಇಡುವವರು ವಿರಳ. ಅಂಥ ಮಕ್ಕಳನ್ನೇ ಕಣ್ಣೆದುರಿಗೆ ಇರಿಸಿಕೊಂಡು ಇಂಗ್ಲಿಷ್ ಬೋಧನೆಯ ಕ್ರಮವನ್ನು ಬುಡದಿಂದ ಪರಿಶೀಲಿಸಿದ ಶಿಕ್ಷಣತಜ್ಞರು ಮೈಕೇಲ್ ವೆಸ್ಟ್.

ವೆಸ್ಟ್ ಅವರು 1888ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿ, 1912ರಲ್ಲಿ ಭಾರತೀಯ ಶಿಕ್ಷಣ ಸೇವೆಯನ್ನು ಸೇರಿ ಬಂಗಾಳಕ್ಕೆ ಬಂದರು. ಮುಂದೆ ಢಾಕಾ ನಗರದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಭಾರತದಲ್ಲಿ ಅವರು ಕಳೆದದ್ದು ಸುಮಾರು 20 ವರ್ಷಗಳು. ಅವರ ಜೀವನದ ಮುಖ್ಯ ಶೋಧಗಳೆಲ್ಲ ಮೊಳಕೆಯೊಡೆದದ್ದು ಆ ನೆಲದಲ್ಲಿಯೇ.

ಅಂದಿನ ಬಂಗಾಳದ ಪ್ರೌಢಶಾಲೆಗಳಲ್ಲಿ ಇಂಗ್ಲಿಷಿಗೆ ಅಗ್ರಪೀಠವಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಸರ್ಕಾರಿ ನೌಕರಿಯೂ ಆ ಭಾಷೆಯನ್ನೇ ಅವಲಂಬಿಸಿದ್ದವು. ಮಕ್ಕಳು ವ್ಯಾಕರಣದ ಸೂತ್ರಗಳನ್ನು ಕಂಠಪಾಠ ಮಾಡುತ್ತಿದ್ದರು. ಪಾಠವನ್ನು ಸಾಲುಸಾಲಾಗಿ ತಮ್ಮ ನುಡಿಗೆ ತಿರುಗಿಸುತ್ತಿದ್ದರು. ಇಷ್ಟು ಶ್ರಮಪಟ್ಟರೂ ಪಠ್ಯಪುಸ್ತಕದ ಹೊರಗಿನ ಒಂದು ಸರಳ ಪುಸ್ತಕವನ್ನು ತಾವಾಗಿ ಓದಿ ಗ್ರಹಿಸುವ ಶಕ್ತಿ ಅನೇಕರಿಗೆ ಬರುತ್ತಿರಲಿಲ್ಲ. ಹಲವು ವರ್ಷ ಕಲಿತು ನಡುವೆ ಶಾಲೆ ಬಿಟ್ಟವರ ಕೈಯಲ್ಲಂತೂ ಏನೂ ಉಳಿಯುತ್ತಿರಲಿಲ್ಲ.

ಈ ನಷ್ಟವನ್ನು ವಿವರಿಸಲು ವೆಸ್ಟ್ ಅವರು ವಿಮಾ ವ್ಯವಹಾರದಿಂದ ಒಂದು ಹೋಲಿಕೆಯನ್ನು ತಂದರು. ಕಂತುಗಳನ್ನು ಕೊನೆಯವರೆಗೆ ಕಟ್ಟಲಾಗದೆ ಪಾಲಿಸಿಯನ್ನು ನಡುವೆ ಒಪ್ಪಿಸಿಬಿಡುವವನಿಗೂ ಒಂದಿಷ್ಟು ಹಣ ಹಿಂದಿರುಗುತ್ತದೆ. ಅದಕ್ಕೆ ಸರೆಂಡರ್ ಮೌಲ್ಯವೆಂದು ಹೆಸರು. ಪಾಠಕ್ರಮಕ್ಕೂ ಇಂಥ ಮೌಲ್ಯವಿರಬೇಕೆಂಬುದು ಅವರ ವಾದ. ವಿದ್ಯಾರ್ಥಿ ಯಾವ ತರಗತಿಯಲ್ಲಿ ಶಾಲೆಯನ್ನು ಬಿಟ್ಟರೂ ಅಲ್ಲಿಯವರೆಗಿನ ಕಲಿಕೆ ಅವನ ಬಾಳಿಗೆ ಒದಗಬೇಕು. ಅರ್ಧ ಕಲಿತ ಮಾತುಗಾರಿಕೆಯನ್ನು ಬಳಸಲು ಹಳ್ಳಿಯ ಬಾಲಕನಿಗೆ ಅವಕಾಶವಿಲ್ಲ. ಅರ್ಧ ಕಲಿತ ಓದು ಮಾತ್ರ ಜ್ಞಾನದ ಬಾಗಿಲನ್ನು ಅಷ್ಟರಮಟ್ಟಿಗಾದರೂ ತೆರೆದಿಡುತ್ತದೆ. ಆದುದರಿಂದ ಮೌನವಾಚನದ ಸಾಮರ್ಥ್ಯಕ್ಕೆ ಮೊದಲ ಸ್ಥಾನ ಸಲ್ಲಬೇಕೆಂದು ಅವರು ನಿರ್ಣಯಿಸಿದರು. ಈ ವಿಚಾರಗಳನ್ನೂ ಪ್ರಯೋಗಗಳ ಫಲವನ್ನೂ ಒಳಗೊಂಡ ದ್ವಿಭಾಷಿಕತೆಯ ಕುರಿತ ಅವರ ಬೃಹತ್ ವರದಿ 1926ರಲ್ಲಿ ಪ್ರಕಟವಾಯಿತು.

ಆಗ ಬಳಕೆಯಲ್ಲಿದ್ದ ವಾಚಕಗಳಲ್ಲಿ ವೆಸ್ಟ್ ಅವರು ಎರಡು ದೋಷಗಳನ್ನು ಗುರುತಿಸಿದರು. ದಿನಬಳಕೆಯಲ್ಲಿ ಸವೆದುಹೋಗಿ ಹಳೆಯ ಗ್ರಂಥಗಳಲ್ಲಷ್ಟೇ ಉಳಿದಿದ್ದ ಪದಗಳು ಅವುಗಳಲ್ಲಿ ತುಂಬಿದ್ದವು. ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದುದರಿಂದ ಕಲಿತದ್ದು ನೆಲೆಗೊಳ್ಳಲು ಬಿಡುವಿರಲಿಲ್ಲ. ಇಂಗ್ಲಿಷಿನಲ್ಲಿ ಯಾವ ಪದ ಎಷ್ಟು ಸಲ ಬಳಕೆಯಾಗುತ್ತದೆಂಬುದನ್ನು ಎಣಿಸಿ ಅಮೆರಿಕದ ಥಾರ್ನ್‌ಡೈಕ್ ಅವರು 1921ರಲ್ಲಿ 10,000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಅದನ್ನು ಆಧಾರವಾಗಿಟ್ಟುಕೊಂಡು, ಬಳಕೆಯ ಪದಗಳನ್ನೇ ಆರಿಸಿ, ಹೊಸ ಪದಗಳನ್ನು ವಿರಳವಾಗಿ ಹಂಚಿ, ಪ್ರತಿಯೊಂದೂ ಮತ್ತೆ ಮತ್ತೆ ಎದುರಾಗುವಂತೆ ವೆಸ್ಟ್ ಅವರು ಪಾಠಗಳನ್ನು ರಚಿಸಿದರು. 1927ರಿಂದ ಲಾಂಗ್‌ಮನ್ಸ್ ಸಂಸ್ಥೆ ಪ್ರಕಟಿಸಿದ ಈ ‘ನ್ಯೂ ಮೆಥಡ್’ ವಾಚಕಮಾಲೆ ದೇಶದೇಶಗಳಿಗೆ ಹಬ್ಬಿತು. ಪ್ರಸಿದ್ಧ ಕಥೆಗಳನ್ನು ಮಿತವಾದ ಪದಗಳಲ್ಲಿ ಹೇಳುವ ಕಿರುಹೊತ್ತಗೆಗಳೂ ಅದರ ಜೊತೆಗೆ ಹೊರಬಂದವು.

1935ರಲ್ಲಿ ಜೆ. ಜಿ. ಎಂಡಿಕಾಟ್ ಅವರೊಡಗೂಡಿ ವೆಸ್ಟ್ ಅವರು ಹೊರತಂದ ನಿಘಂಟು ಮತ್ತೊಂದು ಮಹತ್ಕಾರ್ಯ. ಅದರಲ್ಲಿ ಕೇವಲ 1,490 ಪದಗಳನ್ನು ಬಳಸಿ ಸುಮಾರು 24,000 ಪದಗಳ ಹಾಗೂ ನುಡಿಗಟ್ಟುಗಳ ಅರ್ಥವನ್ನು ವಿವರಿಸಲಾಯಿತು. ಒಂದು ಪದದ ಅರ್ಥವನ್ನು ಹುಡುಕಹೋದ ವಿದ್ಯಾರ್ಥಿ ಅದಕ್ಕಿಂತ ಕಠಿಣವಾದ ಮತ್ತೊಂದು ಪದದಲ್ಲಿ ಸಿಲುಕುವ ಸಂಕಟ ಇದರಿಂದ ತಪ್ಪಿತು. ಸುಮಾರು 2,000 ಮೂಲಪದಗಳನ್ನೂ ಅವುಗಳ ವಿವಿಧ ಅರ್ಥಗಳ ಬಳಕೆಯ ಪ್ರಮಾಣವನ್ನೂ ನೀಡುವ ‘ಜನರಲ್ ಸರ್ವಿಸ್ ಲಿಸ್ಟ್’ ಎಂಬ ಅವರ ಕೃತಿ 1953ರಲ್ಲಿ ಪ್ರಕಟವಾಗಿ, ಪಠ್ಯಪುಸ್ತಕ ರಚಿಸುವವರಿಗೆ ದಶಕಗಳ ಕಾಲ ಕೈಪಿಡಿಯಾಯಿತು.

ವೆಸ್ಟ್ ಅವರ ಮಾರ್ಗಕ್ಕೆ ಆಕ್ಷೇಪಗಳು ಇಲ್ಲದಿರಲಿಲ್ಲ. ಭಾಷೆಯ ಜೀವ ಮಾತಿನಲ್ಲಿದೆ, ಆದುದರಿಂದ ಮಾತೇ ಮೊದಲಾಗಬೇಕೆಂದು ಹೆರಾಲ್ಡ್ ಪಾಮರ್ ಅವರಂಥ ಸಮಕಾಲೀನ ವಿದ್ವಾಂಸರು ಪ್ರತಿಪಾದಿಸಿದರು. ಪದಗಳನ್ನು ಕಡಿತಗೊಳಿಸಿದರೆ ಸಾಹಿತ್ಯದ ಸೊಗಸು ಮಾಸುವುದೆಂಬ ಶಂಕೆಯಲ್ಲಿಯೂ ಸತ್ಯಾಂಶವಿದೆ. ಓದಿಗಷ್ಟೇ ಒತ್ತು ಕೊಟ್ಟರೆ ಬಡವರ ಮಕ್ಕಳು ಮಾತಿನ ಬಲದಿಂದ ವಂಚಿತರಾಗುವರೆಂಬ ಪ್ರಶ್ನೆಯನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಸರಳ ಪುಸ್ತಕವನ್ನು ಓದಿ ಸಂತೋಷಪಟ್ಟ ಬಾಲಕ ಮೂಲಕೃತಿಯತ್ತ ಕೈಚಾಚುವ ಸಂಭವವುಂಟು. ಮೊದಲ ಪುಟದಲ್ಲಿಯೇ ಸೋತವನಿಗೆ ಆ ಹಂಬಲ ಹುಟ್ಟುವುದು ಕಷ್ಟ.

ಭಾರತವನ್ನು ಬಿಟ್ಟು ಹೋದ ಮೇಲೂ ಇಲ್ಲಿನ ತರಗತಿಯ ಚಿತ್ರ ವೆಸ್ಟ್ ಅವರ ಮನಸ್ಸಿನಿಂದ ಮರೆಯಾಗಲಿಲ್ಲ. 1960ರಲ್ಲಿ ಅವರು ಕಷ್ಟಕರ ಸನ್ನಿವೇಶಗಳಲ್ಲಿ ಇಂಗ್ಲಿಷ್ ಬೋಧಿಸುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಕಿಕ್ಕಿರಿದ ಬೆಂಚುಗಳು, ನಲವತ್ತು ಐವತ್ತು ಮಕ್ಕಳು, ಅವರ ನಡುವೆ ಅಸಮವಾದ ಮಟ್ಟ, ಬಿಸಿಲಿನ ಬೇಗೆ, ಇಂಗ್ಲಿಷಿನಲ್ಲಿ ಸ್ವತಃ ಪೂರ್ಣ ಹಿಡಿತವಿಲ್ಲದ ಉಪಾಧ್ಯಾಯ: ಇವುಗಳನ್ನು ಅವರು ಜರೆಯಲಿಲ್ಲ, ಇದ್ದುದನ್ನು ಇದ್ದಂತೆ ಸ್ವೀಕರಿಸಿ ಉಪಾಯ ಹುಡುಕಿದರು. ಗುರು ಕಲಿಸುವುದಕ್ಕಿಂತ ಶಿಷ್ಯ ತಾನೇ ಕಲಿಯುವಂತೆ ಮಾಡುವುದು ದೊಡ್ಡದೆಂಬುದು ಆ ಗ್ರಂಥದ ತಿರುಳು.

1973ರಲ್ಲಿ ವೆಸ್ಟ್ ಅವರು ನಿಧನರಾದರು. ಅವರ ವಾಚಕಗಳು ಇಂದು ಶಾಲೆಗಳಿಂದ ಮರೆಯಾಗಿವೆ. ಪದಪಟ್ಟಿಯ ಸ್ಥಾನದಲ್ಲಿ ಹೊಸ ಪಟ್ಟಿಗಳು ಬಂದಿವೆ. ಆದರೆ ನಡುವೆ ಶಾಲೆ ಬಿಡುವ ಮಗು ಎಲ್ಲ ಊರುಗಳಲ್ಲಿಯೂ ಇನ್ನೂ ಇದೆ. ಅದು ಬರಿಗೈಯಲ್ಲಿ ಹೋಗದಂತೆ ಪ್ರತಿ ವರ್ಷದ ಪಾಠವನ್ನೂ ಸಾರ್ಥಕಗೊಳಿಸುವುದು ಶಿಕ್ಷಕರ ಧರ್ಮ. ಅದಕ್ಕೆ ಬೇಕಾದ ಸುಲಭ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ಒದಗಿಸುವುದು ವಿದ್ಯಾದಾನಿಗಳಿಗೆ ಒಪ್ಪುವ ಕಾರ್ಯ. ವೆಸ್ಟ್ ಅವರ ಸ್ಮರಣೆಗೆ ಇದಕ್ಕಿಂತ ಉಚಿತವಾದ ಗೌರವ ಮತ್ತೊಂದಿಲ್ಲ.