ಕಾಲಿನ್ ಮೆಕೆಂಜಿ

ಕಾಲಿನ್ ಮೆಕೆಂಜಿ (1754 – 8 ಮೇ 1821) ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಎಂಜಿನಿಯರ್, ಭೂಮಾಪಕ ಹಾಗೂ ಪ್ರಾಚ್ಯವಸ್ತು ಸಂಗ್ರಾಹಕರು. ಭಾರತದ ಮೊದಲ ಸರ್ವೇಯರ್ ಜನರಲ್ ಆಗಿದ್ದ ಇವರು ಹಂಪಿಯ ಅವಶೇಷಗಳ ಮೊದಲ ಸರ್ವೆ ನಕ್ಷೆಯನ್ನು ಸಿದ್ಧಪಡಿಸಿದರು. ನೆಲವನ್ನು ಅಳೆದು ಕಾಗದಕ್ಕೆ ಇಳಿಸುವ ವಿದ್ಯೆಯನ್ನು ಕಲಿತ ಮದ್ರಾಸಿನ ಹುಡುಗರ ತಂಡವೊಂದನ್ನು ತಮ್ಮ ಸರ್ವೆಯಲ್ಲಿ ಪಳಗಿಸಿದ್ದು ಇವರ ಮುಖ್ಯ ಸಾಧನೆಗಳಲ್ಲಿ ಒಂದು.

ಆರಂಭಿಕ ಜೀವನ

ಮೆಕೆಂಜಿ ಜನಿಸಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ. ಕೆಲಕಾಲ ಅಲ್ಲಿನ ಸುಂಕದ ಕಚೇರಿಯಲ್ಲಿ ದುಡಿದು, 1783ರಲ್ಲಿ ಕಂಪನಿಯ ಸೈನ್ಯ ಸೇರಿ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿ ಪಾಲ್ಗೊಂಡರು.

ಹಂಪಿಯ ನಕ್ಷೆ

ಹಂಪಿಯ ನಕ್ಷೆ 1799–1800ರ ಸುಮಾರಿನದು. ಮೆಕೆಂಜಿಯವರು ಹಂಪಿಯನ್ನು 'ಕಂಡುಹಿಡಿದರು' ಎಂಬ ಮಾತು ಹಲವೆಡೆ ಕಂಡುಬರುತ್ತದೆ; ವಿರೂಪಾಕ್ಷನ ಪೂಜೆ ನಡೆದೇ ಇದ್ದ ಊರಿಗೆ ಆ ಮಾತು ಒಪ್ಪುವುದಿಲ್ಲ. ಹಾಳೂರಿನ ವಿಸ್ತಾರವನ್ನು ಅಳತೆಗೆ ತಂದದ್ದು ಮಾತ್ರ ಅವರೇ. ಬಂಡೆಗುಡ್ಡಗಳ ನಡುವೆ ಇದು ಸುಲಭದ ಕೆಲಸವಲ್ಲ. ಮಾತಂಗ ಬೆಟ್ಟದ ಮೇಲೆ ನಿಂತವನಿಗೆ ಹತ್ತಿರದ ಮಂಟಪ ದೊಡ್ಡದಾಗಿ, ದೂರದ ಗೋಪುರ ಚಿಕ್ಕದಾಗಿ ಕಾಣುತ್ತದೆ. ಒಂದು ಗುಡ್ಡ ಇನ್ನೊಂದನ್ನು ಮರೆಮಾಡುತ್ತದೆ. ದೃಶ್ಯಚಿತ್ರದಲ್ಲಿ ಇವನ್ನು ಕಂಡಂತೆಯೇ ಬರೆಯಬೇಕು. ನಕ್ಷೆಯಲ್ಲಾದರೋ ಎಲ್ಲವನ್ನೂ ನೇರ ಮೇಲಿನಿಂದ ನೋಡಿದಂತೆ, ಒಂದೇ ಪ್ರಮಾಣದಲ್ಲಿ ಬರೆಯಬೇಕು.

ಸರ್ವೆ ಶಾಲೆಯ ಹುಡುಗರು

ಈ ಕೌಶಲವನ್ನು ಕಲಿಸಲು ಮದ್ರಾಸಿನಲ್ಲಿ 1794ರಲ್ಲಿ ಖಗೋಳಜ್ಞ ಮೈಕೆಲ್ ಟಾಪಿಂಗ್ ಅವರ ಮೇಲ್ವಿಚಾರಣೆಯಲ್ಲಿ ಸರ್ವೆ ಶಾಲೆಯೊಂದು ಎಂಟು ಹುಡುಗರೊಂದಿಗೆ ಆರಂಭವಾಗಿತ್ತು. ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನ ಮೂಲ ಇದೇ ಶಾಲೆ. ಹುಡುಗರು ಬರುತ್ತಿದ್ದುದು ಮದ್ರಾಸಿನ ಗಂಡುಮಕ್ಕಳ ಅನಾಥಾಲಯದಿಂದ. ಹೆಚ್ಚಿನವರು ಯುರೋಪಿಯನ್ ಸೈನಿಕರಿಗೂ ಭಾರತೀಯ ಸ್ತ್ರೀಯರಿಗೂ ಹುಟ್ಟಿದವರು. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವ ಪದ್ಧತಿಯನ್ನು ಆಂಡ್ರೂ ಬೆಲ್ ರೂಪಿಸಿದ್ದು ಇದೇ ಅನಾಥಾಲಯದಲ್ಲಿ.

ಶಾಲೆಯಲ್ಲಿ ಗಣಿತ, ರೇಖಾಗಣಿತ ಮತ್ತು ನಕ್ಷೆ ಬರೆಯುವುದನ್ನು ಕಲಿತವರು ಉಳಿದ ಪಾಠವನ್ನು ಬಯಲಿನಲ್ಲಿ ಕಲಿತರು. ಮುಕ್ಕಾಲಿಯ ಮೇಲಿನ ಸಮತಟ್ಟಾದ ಹಲಗೆಗೆ ಕಾಗದ ಹಚ್ಚಿ, ಅಳೆದ ಗೆರೆಯ ಒಂದು ತುದಿಯಲ್ಲಿ ನಿಂತು, ಪಟ್ಟಿಯ ಅಂಚಿನಗುಂಟ ಗೋಪುರವನ್ನೋ ಬೆಟ್ಟದ ತುದಿಯನ್ನೋ ನೋಡಿ ಗೆರೆ ಎಳೆಯಬೇಕು. ಇನ್ನೊಂದು ತುದಿಯಿಂದಲೂ ಹಾಗೆಯೇ ಮಾಡಬೇಕು. ಎರಡು ಗೆರೆಗಳು ಕೂಡಿದ ಬಿಂದುವೇ ಆ ವಸ್ತುವಿನ ಸ್ಥಾನ. ಅಲ್ಲಿಗೆ ನಡೆದು ಹೋಗದೆಯೇ ದೂರ ತಿಳಿಯುತ್ತದೆ.

1800ರಿಂದ 1809ರವರೆಗೆ ನಡೆದ ಮೈಸೂರು ಸರ್ವೆ ಸುಮಾರು 40,000 ಚದರ ಮೈಲಿಗಳನ್ನು ಒಳಗೊಂಡಿತ್ತು. ಆ ಬಳಿಕ ಹೊಸಪೇಟೆ, ಕಂಪ್ಲಿಗಳನ್ನು ಒಳಗೊಂಡ ದತ್ತಮಂಡಲದ ಸರ್ವೆಯ ಬಹುಪಾಲು ಈ ಶಾಲೆಯಿಂದ ಬಂದ ಯುವಕರ ಕೈಯಿಂದಲೇ ಆಯಿತು. ಹೊಣೆ ಅಷ್ಟಿದ್ದರೂ ಅವರಿಗೆ ಅಧಿಕಾರಿ ಹುದ್ದೆಯ ಬಾಗಿಲು ಮುಚ್ಚಿತ್ತು: 1791ರ ಬಳಿಕ ಕಂಪನಿಯು ಮಿಶ್ರ ಸಂತಾನದವರನ್ನು ಉನ್ನತ ಸೇವೆಯಿಂದ ಹೊರಗಿಟ್ಟಿತ್ತು. ಅವರಲ್ಲಿ ಬೆಂಜಮಿನ್ ಸ್ವೇನ್ ವಾರ್ಡ್ ಅಪವಾದವೆಂಬಂತೆ ಮುಂದೆ ಸೇನಾಧಿಕಾರಿಯಾಗಿ, ತಿರುವಾಂಕೂರು–ಕೊಚ್ಚಿ ಸರ್ವೆಯ ನೇತೃತ್ವ ವಹಿಸಿದರು.

ಸಂಗ್ರಹ ಮತ್ತು ಕೊನೆಯ ದಿನಗಳು

ಕಾವಲಿ ವೆಂಕಟ ಬೊರ್ರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯ ಮೆಕೆಂಜಿಯವರಿಗಾಗಿ ಊರೂರುಗಳಿಂದ ಶಾಸನ, ಹಸ್ತಪ್ರತಿ, ಸ್ಥಳವೃತ್ತಾಂತಗಳನ್ನು ಕಲೆಹಾಕಿದರು. ಕನ್ನಡದ ಕೈಫಿಯತ್ತುಗಳು ಈ ಶ್ರಮದ ಫಲ. ಸಂಗ್ರಹದಲ್ಲಿ 8,076 ಶಾಸನ ಪ್ರತಿಗಳೂ 2,630 ಚಿತ್ರಗಳೂ ಇದ್ದವು. ಅಮರಾವತಿಯ ಸ್ತೂಪದ ಹಲವು ಶಿಲ್ಪಗಳು ಮುಂದೆ ನಾಶವಾದುದರಿಂದ, ಅವುಗಳ ಬಗ್ಗೆ ತಿಳಿಯಲು ಮೆಕೆಂಜಿ ತಂಡದ ಅಳತೆಚಿತ್ರಗಳೇ ಆಧಾರ.

1811ರಿಂದ 1813ರವರೆಗೆ ಜಾವಾದಲ್ಲಿದ್ದ ಮೆಕೆಂಜಿ 1815ರಲ್ಲಿ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಕಲ್ಕತ್ತೆಯ ಬಳಿ ನಿಧನರಾದ ಅವರ ಸಮಾಧಿ ಅಲ್ಲಿನ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಸಂಗ್ರಹವನ್ನು ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಅದು ಈಗ ಚೆನ್ನೈ, ಲಂಡನ್ ಮುಂತಾದೆಡೆ ಹಂಚಿಹೋಗಿದೆ.