ಗಿನ್ನೆಸ್ ಕಾರ್ಖಾನೆಯ ಸ್ಟೂಡೆಂಟ್

ಟಾಲಾದಿಂದ ಸಿಟಿಗೆ ಹೋಗೋ ಕೆಂಪು ಲೈನಿನ ಲುವಾಸ್ ನಮಗೆಲ್ಲ ದಿನನಿತ್ಯದ್ದು. ರೆಡ್ ಕೌ, ಬ್ಲೂಬೆಲ್, ರಿಯಾಲ್ಟೊ ದಾಟಿದ ಮೇಲೆ ಜೇಮ್ಸಸ್ ಅಂತ ಒಂದು ಸ್ಟಾಪ್ ಬರುತ್ತೆ. ಊರಿಂದ ಅಪ್ಪ ಅಮ್ಮ ಬಂದಾಗ ಅಲ್ಲಿ ಇಳಿದು ಗಿನ್ನೆಸ್ ಕಾರ್ಖಾನೆ ತೋರಿಸಿ, ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಬರ್ತೀವಿ. ಅದೇ ಕಾರ್ಖಾನೆಯಲ್ಲಿ 36 ವರ್ಷ ಕೆಲಸ ಮಾಡಿದ ಒಬ್ಬ ಮನುಷ್ಯನನ್ನು ನಾವು ಪ್ರತಿ ಸೆಮಿಸ್ಟರ್ ಕರೀತಾ ಇದ್ವಿ, ಅದೂ ಅವರ ಕಾವ್ಯನಾಮದಿಂದ. ಸ್ಟೂಡೆಂಟ್ಸ್ ಟಿ-ಟೆಸ್ಟ್ ಅನ್ನೋದರಲ್ಲಿರೋ ಸ್ಟೂಡೆಂಟ್ ಅಂದ್ರೆ ನಮ್ಮಂಥ ಯಾರೋ ವಿದ್ಯಾರ್ಥಿ ಅಂತಲೇ ನಾವು ಅಂದ್ಕೊಂಡಿದ್ವಿ. ಅದು ವಿಲಿಯಂ ಸೀಲಿ ಗಾಸೆಟ್ ಅನ್ನೋ ಬಿಯರ್ ತಯಾರಕರ ಹೆಸರು. (ಕುಡಿಯದವರೂ ಧಾರಾಳವಾಗಿ ಮುಂದೆ ಓದಬಹುದು.)

ನಾವು ಅವರನ್ನ ಹುಡುಕಿಕೊಂಡು ಹೋಗಿದ್ದು ಬೇರೆ ದಾರಿಯಲ್ಲಿ. ಯುಎಕ್ಸ್ ಓದೋ ನಮಗೆ ಪದೇ ಪದೇ ಎದುರಾಗೋ ಪ್ರಶ್ನೆ ಒಂದೇ: ಸ್ಕ್ರೀನ್ ಬದಲಾಯಿಸಿದ್ರಲ್ಲ, ಅದು ನಿಜವಾಗ್ಲೂ ಚೆನ್ನಾಗಾಯ್ತಾ, ಹೇಗೆ ಗೊತ್ತು? ಐದಾರು ಜನರನ್ನ ಕೂರಿಸ್ತೀವಿ, ಒಂದು ಕೆಲಸ ಕೊಡ್ತೀವಿ, ಮುಗಿಸಿದ್ರಾ ಇಲ್ವಾ, ಎಷ್ಟು ಸೆಕೆಂಡ್ ಹಿಡೀತು, ಎಷ್ಟು ಸಲ ತಪ್ಪು ಬಟನ್ ಒತ್ತಿದ್ರು ಅಂತ ಬರ್ಕೋತೀವಿ. ಕೊನೆಗೆ ಸಸ್ ಅನ್ನೋ ಹತ್ತು ಪ್ರಶ್ನೆಗಳ ಫಾರ್ಮ್ ತುಂಬಿಸ್ತೀವಿ. ಅದನ್ನ 1986ರಲ್ಲಿ ಜಾನ್ ಬ್ರೂಕ್ ಮಾಡಿದ್ದು, 0ರಿಂದ 100ರವರೆಗೆ ಅಂಕ ಕೊಡುತ್ತೆ. ಕಳೆದ ಸೆಮಿಸ್ಟರ್ ಒಂದು ಅಪಾಯಿಂಟ್‌ಮೆಂಟ್ ಆಪ್ ಮೇಲೆ ಇಷ್ಟೆಲ್ಲ ಮಾಡಿ ರಿವ್ಯೂನಲ್ಲಿ ನಿಂತಾಗ ಒಬ್ಬರು ಕೇಳಿದ್ರು, ಆರು ಜನರನ್ನ ನೋಡಿ ಏನು ಹೇಳೋಕಾಗುತ್ತೆ ಅಂತ. ನಮ್ಮ ಹತ್ರ ಉತ್ತರ ಇರಲಿಲ್ಲ. ದಪ್ಪ ದಪ್ಪ ಬಾರ್ ಚಾರ್ಟ್ ಇತ್ತು, ಅದನ್ನೇ ತೋರಿಸಿ ತಪ್ಪಿಸಿಕೊಂಡ್ವಿ. ಆ ಪ್ರಶ್ನೆಗೆ ಉತ್ತರ ನಮ್ಮ ಲುವಾಸ್ ದಾರಿಯಲ್ಲೇ, 1908ರಲ್ಲೇ ಸಿದ್ಧವಾಗಿತ್ತು.

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಅಪ್ಪ ಸೈನ್ಯದ ರಾಯಲ್ ಎಂಜಿನಿಯರ್ಸ್‌ನಲ್ಲಿ ಕರ್ನಲ್. ಮಗನೂ ಅಲ್ಲಿಗೇ ಹೋಗಬೇಕಿತ್ತು, ಆದರೆ ಕಣ್ಣಿನ ದೃಷ್ಟಿ ಸಾಲದು ಅಂತ ತೆಗೆದುಕೊಳ್ಳಲಿಲ್ಲ. ಹಾಗಾಗಿ ಆಕ್ಸ್‌ಫರ್ಡಿನ ನ್ಯೂ ಕಾಲೇಜ್ ಸೇರಿ ಗಣಿತ, ರಸಾಯನಶಾಸ್ತ್ರ ಎರಡರಲ್ಲೂ ಮೊದಲ ದರ್ಜೆ ತಗೊಂಡ್ರು. ಆ ಕಾಲಕ್ಕೆ ಗಿನ್ನೆಸ್ ಪ್ರಪಂಚದಲ್ಲೇ ಅತಿ ದೊಡ್ಡ ಬಿಯರ್ ಕಾರ್ಖಾನೆ. ಅಡುಗೆಭಟ್ಟರ ಕೈರುಚಿಯ ಹಾಗೆ ಅಂದಾಜಿನ ಮೇಲೆ ನಡೀತಿದ್ದ ಕೆಲಸವನ್ನ ವಿಜ್ಞಾನದ ಮೇಲೆ ನಡೆಸಬೇಕು ಅಂತ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಹುಡುಗರನ್ನ ಕೆಲಸಕ್ಕೆ ಕರೀತಿದ್ರು. 1899ರಲ್ಲಿ ಗಾಸೆಟ್ ಡಬ್ಲಿನ್‌ಗೆ ಬಂದ್ರು. ವಯಸ್ಸು 23, ಹೆಚ್ಚುಕಡಿಮೆ ನಾವು ಬಂದ ವಯಸ್ಸೇ.

ಬಂದವರ ಮುಂದೆ ಸಿಕ್ಕಿದ್ದು ಅಂಕಿಗಳ ರಾಶಿ. ಯಾವ ಬಾರ್ಲಿ ಒಳ್ಳೇದು, ಯಾವ ಹಾಪ್ಸ್ ಒಳ್ಳೇದು, ಯಾವ ಗೊಬ್ಬರಕ್ಕೆ ಇಳುವರಿ ಜಾಸ್ತಿ. ತೊಂದರೆ ಏನಂದ್ರೆ ಒಂದೊಂದು ಪ್ರಶ್ನೆಗೂ ಅಂಕಿಗಳು ಬೆರಳೆಣಿಕೆಯಷ್ಟೇ. ಬಾರ್ಲಿ ಬೆಳೆ ವರ್ಷಕ್ಕೊಂದೇ ಸಲ. ನಾಲ್ಕು ಹೊಲದಲ್ಲಿ ಪ್ರಯೋಗ ಮಾಡಿದ್ರೆ ನಾಲ್ಕೇ ಅಂಕಿ, ಐದನೇದು ಬೇಕಂದ್ರೆ ಮುಂದಿನ ವರ್ಷದವರೆಗೆ ಕಾಯಬೇಕು. ಆಗಿನ ಸಂಖ್ಯಾಶಾಸ್ತ್ರವೋ ನೂರಾರು, ಸಾವಿರಾರು ಅಂಕಿ ಇದ್ದವರಿಗೆ ಮಾತ್ರ ಹೇಳಿಮಾಡಿಸಿದ್ದು.

ಸರಾಸರಿ ತೆಗೆಯೋದೇನೋ ಮಗ್ಗಿ ಬಂದವರಿಗೆಲ್ಲ ಬರುತ್ತೆ. ಆ ಸರಾಸರಿ ಎಷ್ಟು ತಪ್ಪಿರಬಹುದು ಅಂತ ಹೇಳೋದು ಕಷ್ಟ. ಅದಕ್ಕೆ ಅಂಕಿಗಳು ಎಷ್ಟು ಚದುರಿಕೊಂಡಿವೆ ಅನ್ನೋದು ಗೊತ್ತಿರಬೇಕು. ಸಾವಿರ ಅಂಕಿ ಇದ್ರೆ ಆ ಚದುರುವಿಕೆ ಸರಿಯಾಗಿ ಸಿಗುತ್ತೆ. ನಾಲ್ಕೇ ಇದ್ರೆ ಚದುರುವಿಕೆಯೂ ಅಂದಾಜು, ಅಂದಾಜಿನ ಮೇಲೆ ಕಟ್ಟಿದ ಇನ್ನೊಂದು ಅಂದಾಜು. 1904ರಲ್ಲಿ ಗಾಸೆಟ್ ಕಾರ್ಖಾನೆಯ ಒಳಗಿನ ಓದಿಗೆ ಒಂದು ವರದಿ ಬರೆದು, ಇದಕ್ಕೆ ಹೊರಗಿನ ಗಣಿತಜ್ಞರ ಸಹಾಯ ಬೇಕು ಅಂದ್ರು. ಮುಂದಿನ ಬೇಸಿಗೆ ಇಂಗ್ಲೆಂಡಿನಲ್ಲಿ ಸೈಕಲ್ ತುಳ್ಕೊಂಡು ಹೋಗಿ, ರಜೆಯಲ್ಲಿದ್ದ ಕಾರ್ಲ್ ಪಿಯರ್ಸನ್ ಅವರನ್ನ ಕಂಡ್ರು. ಸಂಖ್ಯಾಶಾಸ್ತ್ರದಲ್ಲಿ ಆಗ ಅವರದೇ ಮಾತು. 1906ರಲ್ಲಿ ಗಿನ್ನೆಸ್ ಅವರನ್ನ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಪಿಯರ್ಸನ್ ಲ್ಯಾಬಿಗೆ ಓದಲು ಕಳಿಸ್ತು. ಅದೇ ವರ್ಷ ಮಾರ್ಜರಿ ಫಿಲ್‌ಪಾಟ್ಸ್ ಜೊತೆ ಮದುವೆ.

ಲಂಡನ್ನಿನಲ್ಲಿ ಅವರು ಮಾಡಿದ ಒಂದು ಪ್ರಯೋಗ ನಮಗೆ ತುಂಬ ಇಷ್ಟ. ಪೊಲೀಸರು ಅಳೆದಿಟ್ಟಿದ್ದ 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದ ಅವರ ಕೈಗೆ ಸಿಕ್ತು. ಒಬ್ಬೊಬ್ಬರದ್ದನ್ನೂ ಒಂದೊಂದು ಕಾರ್ಡಿನ ಮೇಲೆ ಬರೆದು, ಇಸ್ಪೀಟ್ ಎಲೆ ಕಲಸೋ ಹಾಗೆ ಚೆನ್ನಾಗಿ ಕಲಸಿ, ನಾಲ್ಕು ನಾಲ್ಕಾಗಿ ಎತ್ತಿದ್ರು. 750 ಗುಂಪು ಆಯ್ತು. ಪ್ರತಿ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಬೀಳುತ್ತೆ ಅಂತ ಲೆಕ್ಕ ಹಾಕಿ, ತಾವು ಗಣಿತದಲ್ಲಿ ಊಹಿಸಿದ್ದ ಆಕಾರದ ಜೊತೆ ಹೋಲಿಸಿದ್ರು. ಇವತ್ತು ನಾವು ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಚಹಾ ಆರೋದ್ರೊಳಗೆ ಮುಗಿಸೋ ಸಿಮ್ಯುಲೇಶನ್ ಇದು. ಅವರದ್ದು ಕಾರ್ಡು, ಪೆನ್ಸಿಲ್ಲು, ಕೈಯಲ್ಲಿ ತಿರುಗಿಸೋ ಲೆಕ್ಕದ ಯಂತ್ರ.

1908ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಲೇಖನ ಬಂತು, ನಾಲ್ಕರಿಂದ ಹತ್ತು ಅಂಕಿಗಳವರೆಗಿನ ಕೋಷ್ಟಕದ ಸಮೇತ. ಲೇಖಕರ ಹೆಸರು ಇದ್ದ ಜಾಗದಲ್ಲಿ ಸ್ಟೂಡೆಂಟ್. ನಮ್ಮಲ್ಲಿ ಪುಟ್ಟಪ್ಪನವರು ಕುವೆಂಪು ಆದದ್ದು, ಬೇಂದ್ರೆಯವರು ಅಂಬಿಕಾತನಯದತ್ತ ಆದದ್ದು ಅವರವರ ಇಷ್ಟದಿಂದ. ಗಾಸೆಟ್ ಆದದ್ದು ಆಫೀಸ್ ರೂಲಿನಿಂದ. ವ್ಯಾಪಾರದ ಗುಟ್ಟು ಹೊರಗೆ ಹೋಗಬಾರದು ಅಂತ ನೌಕರರ ಹೆಸರಾಗಲಿ ಬಿಯರ್ ಲೆಕ್ಕವಾಗಲಿ ಅಚ್ಚಿನಲ್ಲಿ ಕಾಣಬಾರದು ಅಂತ ಗಿನ್ನೆಸ್‌ನ ಷರತ್ತಿತ್ತು. ಪಿಯರ್ಸನ್‌ಗೆ ಲೇಖನ ಅಂಥ ದೊಡ್ಡದು ಅನ್ನಿಸಲಿಲ್ಲ. 1912ರಲ್ಲಿ ಕೇಂಬ್ರಿಜ್‌ನ ಒಬ್ಬ ಹುಡುಗ, ರೊನಾಲ್ಡ್ ಫಿಶರ್, ಅದಕ್ಕೆ ಸರಿಯಾದ ಗಣಿತದ ಸಾಧನೆ ಬರೆದು ಗಾಸೆಟ್‌ಗೆ ಕಳಿಸಿದ. ಅದು ಗಾಸೆಟ್‌ಗೇ ಅರ್ಥವಾಗದೆ ಪಿಯರ್ಸನ್‌ಗೆ ದಾಟಿಸಿದ್ರು! ಮುಂದೆ ಪಿಯರ್ಸನ್, ಫಿಶರ್ ಇಬ್ಬರೂ ಬದ್ಧವೈರಿಗಳಾದ್ರು, ಗಾಸೆಟ್ ಮಾತ್ರ ಇಬ್ಬರಿಗೂ ಸ್ನೇಹಿತರಾಗಿಯೇ ಉಳಿದ್ರು. 1925ರ ತನ್ನ ಪುಸ್ತಕದಲ್ಲಿ ಫಿಶರ್ ಟಿ-ಟೆಸ್ಟನ್ನ ಎಲ್ಲರ ಕೈಗೆ ಕೊಟ್ಟ ಮೇಲೆ ಅದು ಜಗತ್ತಿಗೆ ಹಬ್ಬಿತು.

ಈಗ ನಮ್ಮ ಆರು ಜನಕ್ಕೆ ಬರೋಣ. ಉದಾಹರಣೆಗೆ ಅದೇ ಆರು ಜನ ಹಳೇ ಸ್ಕ್ರೀನಲ್ಲೂ ಹೊಸ ಸ್ಕ್ರೀನಲ್ಲೂ ಒಂದೇ ಕೆಲಸ ಮಾಡಿ, ಹೊಸದರಲ್ಲಿ 12, 2, 16, 8, 4, 18 ಸೆಕೆಂಡ್ ಉಳಿಸಿದ್ರು ಅಂತ ಇಟ್ಕೊಳ್ಳಿ. ಸರಾಸರಿ ಸರಿಯಾಗಿ 10. ಚಾರ್ಟಿನಲ್ಲಿ ನಾವು ಹಾಕ್ತಿದ್ದದ್ದು ಅಷ್ಟೇ. ದೊಡ್ಡ ಸಂಖ್ಯೆಗೆ ಮೀಸಲಾದ 1.96 ಅನ್ನೋ ಗುಣಕ ಹಿಡಿದ್ರೆ ನಿಜವಾದ ಉಳಿತಾಯ ಸುಮಾರು 5ರಿಂದ 15 ಸೆಕೆಂಡ್. ಗಾಸೆಟ್ ಹೇಳೋ ಪ್ರಕಾರ ಆರು ಜನರಿಗೆ ಗುಣಕ 2.57, ನಾಲ್ಕೇ ಜನ ಇದ್ರೆ 3.18. ಆಗ ಉತ್ತರ ಸುಮಾರು 3ರಿಂದ 17. ವ್ಯಾಪ್ತಿ ಅಗಲವಾಯ್ತು, ಆದರೂ ಸೊನ್ನೆ ಅದರೊಳಗಿಲ್ಲ. ಅಂದ್ರೆ ಆರು ಜನರಿಂದಲೂ ಹೇಳೋಕಾಗುತ್ತೆ: ಹೊಸದು ವೇಗವಾಗಿದೆ, ಎಷ್ಟು ವೇಗ ಅನ್ನೋದು ಇನ್ನೂ ಮಸುಕು.

ಒಬ್ಬರನ್ನೇ ಎರಡೂ ಸ್ಕ್ರೀನ್ ಮುಂದೆ ಕೂರಿಸೋದು ಯಾಕೆ ಅನ್ನೋದೂ ಬಾರ್ಲಿ ಹೊಲದಲ್ಲೇ ಇದೆ. ಐರ್ಲೆಂಡಿನ ಕೃಷಿ ಇಲಾಖೆ ಜೊತೆ ವರ್ಷಾನುಗಟ್ಟಲೆ ಬಾರ್ಲಿ ಪ್ರಯೋಗಗಳಲ್ಲಿ ತೊಡಗಿದ್ದ ಗಾಸೆಟ್‌ಗೆ, ಎರಡು ತಳಿಗಳನ್ನ ದೂರದ ಎರಡು ಹೊಲದಲ್ಲಿ ಬಿತ್ತಿದ್ರೆ ಅಳೆಯೋದು ಮಣ್ಣನ್ನೇ ಹೊರತು ತಳಿಯನ್ನಲ್ಲ ಅನ್ನೋದು ಗೊತ್ತಿತ್ತು. ಪಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ ಜೋಡಿ ಜೋಡಿಯಾಗಿ ಹೋಲಿಸಬೇಕು. ನಮ್ಮ ಕೆಲಸದಲ್ಲಿ ಮಣ್ಣು ಅಂದ್ರೆ ಮನುಷ್ಯ. ಫೋನ್‌ನಲ್ಲೇ ಹುಟ್ಟಿಬೆಳೆದ ಹುಡುಗ ಹೊಸ ಸ್ಕ್ರೀನು, ಕನ್ನಡಕ ಹುಡುಕೋ ಆಂಟಿ ಹಳೇ ಸ್ಕ್ರೀನು ಅಂತ ಹಂಚಿದ್ರೆ ಹೊಸದು ಗೆಲ್ಲದೆ ಏನು ಮಾಡುತ್ತೆ? ಹಾಗಂತ ಎಲ್ಲರಿಗೂ ಹಳೇದನ್ನೇ ಮೊದಲು ಕೊಟ್ರೂ ಮೋಸ, ಎರಡನೇ ಸಲಕ್ಕೆ ಕೈ ಪಳಗಿರುತ್ತೆ. ಅರ್ಧ ಜನಕ್ಕೆ ಹೊಸದು ಮೊದಲು ಬರಬೇಕು.

ಇನ್ನೊಂದು ವಿಷಯದಲ್ಲಿ ಗಾಸೆಟ್ ನಮ್ಮ ಪಠ್ಯಪುಸ್ತಕಗಳಿಗಿಂತ ಮುಂದಿದ್ರು ಅಂತ ನಮಗನ್ನಿಸುತ್ತೆ. 1905ರಷ್ಟು ಹಿಂದೆಯೇ ಪಿಯರ್ಸನ್‌ಗೆ ಬರೆದಿದ್ದ ಪತ್ರದಲ್ಲಿ, ಎಷ್ಟು ಖಾತ್ರಿ ಬೇಕು ಅನ್ನೋದು ಆ ಫಲಿತಾಂಶ ನಂಬಿ ನಡೆದ್ರೆ ಬರೋ ಲಾಭ, ಹೊಸ ವಿಧಾನದ ಖರ್ಚು, ಒಂದೊಂದು ಪ್ರಯೋಗದ ಖರ್ಚು ಇವುಗಳ ಮೇಲೆ ನಿಂತಿದೆ ಅನ್ನೋ ಅರ್ಥದಲ್ಲಿ ಹೇಳಿದ್ರು. ನಾವು ಶೇಕಡಾ 5ರ ಗೆರೆ ದಾಟಿದ್ರೆ ಕುಣೀತೀವಿ, ದಾಟದಿದ್ರೆ ಅಳ್ತೀವಿ. ಮೂರು ಸೆಕೆಂಡ್ ಉಳಿತಾಯಕ್ಕೆ ಇಡೀ ಆಪ್ ಮತ್ತೆ ಬರೀಬೇಕಾ ಅಂತ ಕೇಳ್ಕೊಳ್ಳಲ್ಲ.

ಮನುಷ್ಯ ತುಂಬ ಸರಳ ಅಂತ ಬಲ್ಲವರೆಲ್ಲ ಬರೆದಿದ್ದಾರೆ. ಬ್ಲ್ಯಾಕ್‌ರಾಕ್‌ನಲ್ಲಿ ಮನೆ, ಮೂರು ಮಕ್ಕಳು, ಹಣ್ಣಿನ ತೋಟ, ಮೀನು ಹಿಡಿಯೋ ಹುಚ್ಚು, ಮರಗೆಲಸ. ಎರಡೂ ತುದಿಗೆ ಚುಕ್ಕಾಣಿ ಇರೋ ದೋಣಿಯನ್ನ ಸ್ವತಃ ಮಾಡಿದ್ರು, ಗಾಳ ಹಾಕುವಾಗ ಗಾಳಿಗೆ ದೋಣಿ ತೇಲೋ ದಿಕ್ಕು ತಮ್ಮ ಹಿಡಿತದಲ್ಲಿರಲಿ ಅಂತ. 1935ರ ಕೊನೆಗೆ ಗಿನ್ನೆಸ್‌ನ ಹೊಸ ಕಾರ್ಖಾನೆ ನೋಡಿಕೊಳ್ಳಲು ಲಂಡನ್ನಿನ ಪಾರ್ಕ್ ರಾಯಲ್‌ಗೆ ಹೋದ್ರು. 1937ರಲ್ಲಿ ಹೆಡ್ ಬ್ರೂಅರ್ ಹುದ್ದೆ ಬಂತು, ಅದೇ ವರ್ಷ ಅಕ್ಟೋಬರ್ 16ರಂದು ಹೃದಯಾಘಾತದಿಂದ ತೀರಿಕೊಂಡ್ರು. 61 ವರ್ಷ. ಕೊನೇವರೆಗೂ ಬಹುತೇಕ ಲೇಖನಗಳಿಗೆ ಹಾಕಿದ್ದು ಸ್ಟೂಡೆಂಟ್ ಅನ್ನೋ ಹೆಸರೇ.

ಇದನ್ನೆಲ್ಲ ಓದಿದ ಮೇಲೆ ನಾವು ಕಳೆದ ಸೆಮಿಸ್ಟರಿನ ಎಕ್ಸೆಲ್ ಫೈಲ್ ಮತ್ತೆ ತೆಗೆದ್ವಿ. ಮೂರು ಟಾಸ್ಕ್‌ಗಳಲ್ಲಿ ಎರಡು ನಿಂತ್ಕೊಂಡವು. ಮೂರನೇದರ ವ್ಯಾಪ್ತಿ ಸೊನ್ನೆಯನ್ನ ದಾಟಿ ಆಚೆಗೆ ಹೋಗಿತ್ತು, ಅಂದ್ರೆ ಹೊಸ ಸ್ಕ್ರೀನು ನಿಧಾನ ಆಗಿರೋ ಸಾಧ್ಯತೆಯೂ ಇತ್ತು. ನಾವು ರಿವ್ಯೂನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೊಚ್ಚಿಕೊಂಡಿದ್ದೂ ಅದನ್ನೇ. ಆ ಬಾರ್ ಅಳಿಸಿ, ಗ್ರೂಪಿಗೆ ಮೆಸೇಜ್ ಹಾಕಿ, ಇನ್ನೂ ಆರು ಜನರನ್ನ ಹುಡುಕೋಕೆ ಶುರು ಮಾಡಿದ್ದೀವಿ. ಟಾಲಾ ಸುತ್ತಮುತ್ತ ಇರೋರು, ಅರ್ಧ ಗಂಟೆ ಬಿಡುವಿದ್ರೆ ಬನ್ನಿ. ಚಹಾ, ಚೌಚೌ ಬಾತ್ ನಮ್ಮದು.