ನೀಲಿ ಹೊಗೆ ಬಂದರೆ ಟರ್ಬೋ ಕೆಟ್ಟಿತು ಎಂದೇ ಅರ್ಥವೇ? ಟರ್ಬೋ ಕಂಡುಹಿಡಿದ ಆಲ್ಫ್ರೆಡ್ ಬ್ಯೂಕಿಯ ಕಥೆ

ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತೆಂದರೆ ಟರ್ಬೋ ಸೀಲ್ ಹೋಗಿದೆ, ಕೂಡಲೇ ಹೊಸ ಟರ್ಬೋ ಹಾಕಿಸಿ. ಈ ಧಾಟಿಯ ಸಂದೇಶಗಳು ಕಾರು ಮಾಲೀಕರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಇದು ಅರ್ಧ ನಿಜ. ನೀಲಿ ಹೊಗೆ ಎಂದರೆ ಎಲ್ಲೋ ಆಯಿಲ್ ಸುಡುತ್ತಿದೆ ಎನ್ನುವುದು ಸರಿ. ಆದರೆ ಟರ್ಬೋ ಗಟ್ಟಿಯಾಗಿಯೇ ಇದ್ದು, ಅದರೊಳಗಿನ ಆಯಿಲ್ ಕೆಳಗಿಳಿಯುವ ದಾರಿ ಮಾತ್ರ ಕಟ್ಟಿಕೊಂಡಿದ್ದರೂ ಇದೇ ಹೊಗೆ ಬರುತ್ತದೆ. ಹೊಸ ಟರ್ಬೋಗೆ ಹತ್ತಾರು ಸಾವಿರ ರೂಪಾಯಿ ಬೇಕು. ದಾರಿ ಬಿಡಿಸಲು ಕೆಲವೊಮ್ಮೆ ಒಂದು ಪೈಪ್ ತೊಳೆದರೆ ಸಾಕು.

ಆಯಿಲ್‌ಗೆ ಯಾಕೆ ಇಷ್ಟು ಮಹತ್ವ ಎಂದು ತಿಳಿಯಬೇಕಾದರೆ ಟರ್ಬೋವನ್ನು ಮೊದಲು ಕಲ್ಪಿಸಿಕೊಂಡ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಅವರಿಂದಲೇ ಶುರು ಮಾಡುವುದು ಒಳ್ಳೆಯದು.

ವ್ಯರ್ಥವಾಗುವ ಶಾಖದ ಹಿಂದೆ ಬಿದ್ದ ಹುಡುಗ

ಬ್ಯೂಕಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ. ಅದು ಯಂತ್ರಗಳ ಊರು. ತಂದೆ ಯೋಹಾನ್ ಅಲ್ಲಿನ ಹೆಸರಾಂತ ಸುಲ್ಜರ್ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಮಗ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿ 1903ರಲ್ಲಿ ಹೊರಬಂದರು. ಆಮೇಲೆ ಬೆಲ್ಜಿಯಂ, ಇಂಗ್ಲೆಂಡ್‌ಗಳಲ್ಲಿ ಕೆಲಸ ಮಾಡಿದರು.

ಅವರ ತಲೆ ಕೊರೆಯುತ್ತಿದ್ದದ್ದು ಒಂದೇ ವಿಷಯ. ಎಂಜಿನ್ನಿಗೆ ನಾವು ಹಾಕುವ ಇಂಧನದ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರ್ ಮೂಲಕ ಆಚೆ ಹೋಗುತ್ತದೆ. ಆ ಹೊಗೆಗೆ ಒತ್ತಡವೂ ಇದೆ, ವೇಗವೂ ಇದೆ. ಅದರಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬಿಸಿದರೆ? ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನ ಉರಿಸಬಹುದು. ಎಂಜಿನ್ ಗಾತ್ರ ಅಷ್ಟೇ ಇದ್ದರೂ ಶಕ್ತಿ ಹೆಚ್ಚುತ್ತದೆ.

ಈ ವಿಚಾರಕ್ಕೆ 1905ರ ನವೆಂಬರ್ 16ರ ದಿನಾಂಕದ ಜರ್ಮನ್ ಪೇಟೆಂಟ್ ಅವರ ಹೆಸರಿನಲ್ಲಿದೆ. ಆಗ ಅವರಿಗೆ 26 ವರ್ಷ. ನಿಮ್ಮ ಕಾರಿನ ಬಾನೆಟ್ ಒಳಗಿರುವ ಟರ್ಬೋ ಕೂಡ ಮೂಲದಲ್ಲಿ ಇದೇ: ಒಂದು ಕಡ್ಡಿ, ಅದರ ಒಂದು ತುದಿಯಲ್ಲಿ ಹೊಗೆಯಿಂದ ತಿರುಗುವ ಚಕ್ರ, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಚಕ್ರ.

ಇಪ್ಪತ್ತು ವರ್ಷದ ಕಾಯುವಿಕೆ

ಪೇಟೆಂಟ್ ಸಿಕ್ಕಿದ ಮಾತ್ರಕ್ಕೆ ಯಂತ್ರ ಓಡುವುದಿಲ್ಲ. ಕೆಂಪಗೆ ಕಾಯುವ ಹೊಗೆಯಲ್ಲಿ ಮೆತ್ತಗಾಗದೆ ತಿರುಗಬಲ್ಲ ಲೋಹ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಷ್ಟು ವೇಗ ತಡೆಯುವ ಬೇರಿಂಗ್ ಮಾಡುವುದೂ ಕಷ್ಟವಿತ್ತು. ಬ್ಯೂಕಿ ಕೆಲ ವರ್ಷಗಳ ನಂತರ ಊರಿಗೆ ಮರಳಿ ಸುಲ್ಜರ್ ಸೇರಿ, ಡೀಸೆಲ್ ಎಂಜಿನ್ನುಗಳ ಸಂಶೋಧನೆಗಿಳಿದರು. 1915ರ ಹೊತ್ತಿಗೆ ಮಾಡಿದ ಮಾದರಿ ನಂಬಿಕೆಗೆ ಅರ್ಹವಾಗಲಿಲ್ಲ.

ಅಷ್ಟರಲ್ಲಿ ಬೇರೆಯವರೂ ಇದೇ ದಾರಿ ಹಿಡಿದಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಒಗುಸ್ತ್ ರಾತೋ ವಿಮಾನದ ಎಂಜಿನ್ನುಗಳಿಗೆ ಟರ್ಬೋ ಜೋಡಿಸಿದರು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ಮೇಲೆ, ಸುಮಾರು 14,000 ಅಡಿ ಎತ್ತರದ ತೆಳು ಗಾಳಿಯಲ್ಲಿ, ಟರ್ಬೋ ಹಾಕಿದ ವಿಮಾನದ ಎಂಜಿನ್ ಪೂರ್ತಿ ಶಕ್ತಿ ಕೊಡುವುದನ್ನು ತೋರಿಸಿದರು. ಹಾಗಾಗಿ ಟರ್ಬೋ ಕಂಡುಹಿಡಿದದ್ದು ಯಾವುದೋ ಕಾರು ಕಂಪನಿ ಎಂದು ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ. ಕಾರುಗಳ ಸರದಿ ಬಂದದ್ದು ತೀರಾ ತಡವಾಗಿ.

ಬ್ಯೂಕಿಗೆ ಗೆಲುವು ಸಿಕ್ಕಿದ್ದು ಹಡಗಿನಲ್ಲಿ. 1920ರ ದಶಕದ ಮಧ್ಯದಲ್ಲಿ ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕರ ಹಡಗುಗಳ 10 ಸಿಲಿಂಡರ್ ಡೀಸೆಲ್ ಎಂಜಿನ್ನುಗಳಿಗೆ ಅವರ ಉಸ್ತುವಾರಿಯಲ್ಲಿ ಟರ್ಬೋ ಕೂರಿಸಲಾಯಿತು. 1,750 ಅಶ್ವಶಕ್ತಿಯ ಎಂಜಿನ್ 2,500 ಕೊಟ್ಟಿತು. ಶೇ 40ಕ್ಕೂ ಹೆಚ್ಚು! ಅದೇ ಹೊತ್ತಿಗೆ, 1925ರಲ್ಲಿ, ಅವರು ಇನ್ನೊಂದು ಪೇಟೆಂಟ್ ಪಡೆದರು. ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಂದೇ ಕೊಳವೆಗೆ ಸುರಿಯುವ ಬದಲು ಬೇರೆ ಬೇರೆ ಕೊಳವೆಗಳಲ್ಲಿ ತಂದು, ಒಂದೊಂದು ಸಿಲಿಂಡರ್ ಬಿಡುವ ಉಸಿರಿನ ಹೊಡೆತವನ್ನೇ ಚಕ್ರ ತಿರುಗಿಸಲು ಬಳಸುವ ವಿಧಾನ ಅದು. ನಮ್ಮ ದೃಷ್ಟಿಯಲ್ಲಿ 1905ರದ್ದಕ್ಕಿಂತ ಇದೇ ದೊಡ್ಡ ಪೇಟೆಂಟ್, ಏಕೆಂದರೆ ಟರ್ಬೋವನ್ನು ಕಾಗದದಿಂದ ಇಳಿಸಿ ಬಳಕೆಗೆ ತಂದದ್ದು ಇದು. 1926ರಲ್ಲಿ ಬ್ರೌನ್ ಬೋವೆರಿ ಮುಂತಾದ ಸ್ವಿಸ್ ಕಂಪನಿಗಳ ಜೊತೆಗೂಡಿ ಬ್ಯೂಕಿ ಸಿಂಡಿಕೇಟ್ ಹುಟ್ಟಿತು. ಮುಂದೆ ಈ ತಂತ್ರ ರೈಲು ಎಂಜಿನ್ನುಗಳಿಗೂ ಬಂತು. 1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ ಲಾರಿ ಎಂಜಿನ್ನಿಗೂ ತಂದಿತು.

ಬ್ಯೂಕಿ 1959ರ ಅಕ್ಟೋಬರಿನಲ್ಲಿ ತೀರಿಕೊಂಡರು. ಟರ್ಬೋ ಇರುವ ಮೊದಲ ಮಾರಾಟದ ಕಾರುಗಳು, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರಲೆ ಕೊರ್ವೇರ್, ಬಂದದ್ದು 1962ರಲ್ಲಿ. ಡೀಸೆಲ್ ಟರ್ಬೋ ಕಾರು, ಮರ್ಸಿಡಿಸ್ 300 ಎಸ್‌ಡಿ, ಬಂದದ್ದು 1978ರಲ್ಲಿ. ಎರಡನ್ನೂ ಅವರು ನೋಡಲಿಲ್ಲ.

ಹಡಗಿನಲ್ಲಿ ಇಲ್ಲದ ತಲೆನೋವು ಕಾರಿನಲ್ಲಿ

ಹಡಗಿನ ಎಂಜಿನ್ ಕೋಣೆಯಲ್ಲಿ ಜಾಗಕ್ಕೆ ಬರವಿಲ್ಲ. ಬೇಕಾದ ಕಡೆ, ಬೇಕಾದ ಎತ್ತರದಲ್ಲಿ ಟರ್ಬೋ ಕೂರಿಸಬಹುದು. ಅನೇಕ ದೊಡ್ಡ ಟರ್ಬೋಗಳಲ್ಲಿ ಬೇರಿಂಗ್ ಪಕ್ಕದಲ್ಲೇ ಅದರದ್ದೇ ಆಯಿಲ್ ತುಂಬಿಸಿಡುವ ಏರ್ಪಾಡು ಇತ್ತು. ಕಾರಿನಲ್ಲಿ ಹಾಗಲ್ಲ. ಟರ್ಬೋಗೂ ಎಂಜಿನ್ನಿಗೂ ಆಯಿಲ್ ಒಂದೇ.

ಕಾರಿನ ಸಣ್ಣ ಟರ್ಬೋ ಕಡ್ಡಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು, ಕೆಲವು 2 ಲಕ್ಷವನ್ನೂ ಮೀರಿ ಸುತ್ತುತ್ತವೆ. ಬಹುತೇಕ ಟರ್ಬೋಗಳಲ್ಲಿ ಆ ಕಡ್ಡಿ ಲೋಹಕ್ಕೆ ತಾಗುವುದೇ ಇಲ್ಲ, ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತದೆ. ಆಯಿಲ್ ಮೇಲಿನಿಂದ ಸಣ್ಣ ಪೈಪಿನಲ್ಲಿ ಪಂಪ್ ಒತ್ತಡದಿಂದ ಬರುತ್ತದೆ. ಹೊರಗೆ ಹೋಗುವಾಗ ಮಾತ್ರ ಯಾವ ಪಂಪೂ ಇಲ್ಲ. ತನ್ನ ಭಾರದಿಂದ ತಾನೇ ಇಳಿದು ಆಯಿಲ್ ಚೇಂಬರ್ ಸೇರಬೇಕು. ಅದೂ ಮಜ್ಜಿಗೆ ಕಡೆದ ಹಾಗೆ ಗಾಳಿ ಬೆರೆತು ನೊರೆನೊರೆಯಾಗಿರುತ್ತದೆ. ಅದಕ್ಕೇ ಬರುವ ಪೈಪ್ ಪೆನ್ಸಿಲ್‌ನಷ್ಟು ಸಣ್ಣದಿದ್ದರೂ ಹೋಗುವ ಪೈಪ್ ದಪ್ಪ. ಒಳ ಅಳತೆ ಅರ್ಧ ಇಂಚಿಗಿಂತ ಕಡಿಮೆ ಇರಬಾರದು ಎನ್ನುವುದು ಸಾಮಾನ್ಯ ಲೆಕ್ಕ.

ಇಲ್ಲಿಯೇ ಟರ್ಬೋ ಕೂರಿಸುವ ಕೋನ ಮುಖ್ಯವಾಗುವುದು. ಆಯಿಲ್ ಹೊರಬರುವ ತೂತು ನೇರ ಕೆಳಗೆ ನೋಡಬೇಕು. ಸ್ವಲ್ಪ ವಾಲಬಹುದು, ಆದರೆ ತಯಾರಕರು ಸಾಮಾನ್ಯವಾಗಿ 35 ಡಿಗ್ರಿ ಆಸುಪಾಸಿನ ಮಿತಿ ಹಾಕುತ್ತಾರೆ. ಗಾಳಿ ಪೈಪ್ ಸರಿಯಾದ ಕಡೆಗೆ ಬರಬೇಕು ಎಂದು ಇಡೀ ಟರ್ಬೋವನ್ನೇ ವಾಲಿಸಿ ಕೂರಿಸುವವರಿದ್ದಾರೆ. ಹಾಗೆ ಮಾಡಬೇಕಿಲ್ಲ. ಅನೇಕ ಟರ್ಬೋಗಳಲ್ಲಿ ಎರಡು ಬದಿಯ ಚಿಪ್ಪುಗಳ ಬೋಲ್ಟ್ ಸಡಿಲಿಸಿ ನಡುಭಾಗವನ್ನು ಬೇರೆಯಾಗಿ ತಿರುಗಿಸಬಹುದು. ಡ್ರೈನ್ ಪೈಪ್ ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು, ನಡುವೆ ತಗ್ಗು ಬಿದ್ದು ಮತ್ತೆ ಏರಬಾರದು. ಚೇಂಬರ್ ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಟರ್ಬೋ ಅದಕ್ಕಿಂತ ಕೆಳಗೆ ಕೂರುವ ಸಂದರ್ಭದಲ್ಲಿ ಆಯಿಲ್ ಎಳೆಯಲು ಬೇರೆ ಪಂಪೇ ಬೇಕು.

ಹಾಗಾದರೆ ಹೊಗೆ ಯಾಕೆ?

ಟರ್ಬೋ ಸೀಲ್ ಎಂದ ಕೂಡಲೇ ನಮ್ಮ ಕಣ್ಣಮುಂದೆ ಕುಕ್ಕರಿನ ಗ್ಯಾಸ್ಕೆಟ್ ತರಹದ ರಬ್ಬರ್ ಬರುತ್ತದೆ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ತುಂಬಿ ನಿಂತ ಆಯಿಲ್ ತಡೆಯುವುದು ಅದರ ಕೆಲಸವಲ್ಲ. ಎರಡು ಬದಿಯ ಗಾಳಿ ಮತ್ತು ಹೊಗೆಯ ಒತ್ತಡ ನಡುಭಾಗಕ್ಕಿಂತ ಹೆಚ್ಚಿದ್ದು, ನಡುಭಾಗ ಖಾಲಿಯಾಗುತ್ತಿದ್ದರೆ ಮಾತ್ರ ಆಯಿಲ್ ಒಳಗೇ ಇರುತ್ತದೆ. ಡ್ರೈನ್ ಕಟ್ಟಿಕೊಂಡರೆ ಆಯಿಲ್ ಮೇಲೇರಿ, ಹೊಸ ಉಂಗುರವನ್ನೂ ದಾಟಿ ಸೈಲೆನ್ಸರ್ ಕಡೆಗೋ ಎಂಜಿನ್ನಿನ ಗಾಳಿ ಕೊಳವೆಗೋ ನುಗ್ಗುತ್ತದೆ. ಡೀಸೆಲ್ ಎಂಜಿನ್ನಿಗೆ ಹೀಗೆ ಹೆಚ್ಚು ಆಯಿಲ್ ಹೋದರೆ ಅಪಾಯ ದೊಡ್ಡದು. ಅದು ಆಯಿಲ್ ಅನ್ನೇ ಇಂಧನದಂತೆ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಬಹುದು.

ಆದ್ದರಿಂದ ಹೊಸ ಟರ್ಬೋಗೆ ದುಡ್ಡು ಕೊಡುವ ಮೊದಲು ಮೆಕ್ಯಾನಿಕ್ ಬಳಿ ಡ್ರೈನ್ ಪೈಪ್ ಬಿಚ್ಚಿಸಿ ಒಳಗೆ ನೋಡಿ. ಸುಟ್ಟ ಆಯಿಲ್ ಕರಿಯಾಗಿ ಗಟ್ಟಿಕಟ್ಟಿರಬಹುದು, ರಬ್ಬರ್ ಪೈಪ್ ಮಡಚಿರಬಹುದು. ಗ್ಯಾಸ್ಕೆಟ್ ಬದಲು ಬಳಿದ ಸಿಲಿಕಾನ್ ಪೇಸ್ಟ್ ತೂತಿನೊಳಗೆ ಉಬ್ಬಿ ದಾರಿ ಕಟ್ಟುವುದೂ ಉಂಟು. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ಗೆರೆ ಮೀರಿದೆಯೇ ನೋಡಿ. ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದ್ದರೂ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಇಳಿಯದಂತೆ ಮಾಡುತ್ತದೆ. ಕಾರಣ ಇದ್ದ ಹಾಗೇ ಇದ್ದರೆ ಹೊಸ ಟರ್ಬೋ ಕೂಡ ಹೊಗೆ ಉಗುಳುತ್ತದೆ. ಕಡ್ಡಿ ಮಿತಿ ಮೀರಿ ಅಲುಗಾಡುತ್ತಿದ್ದರೆ, ಚಕ್ರದ ರೆಕ್ಕೆ ಸವೆದಿದ್ದರೆ ಮಾತ್ರ ಟರ್ಬೋ ಬದಲಿಸುವುದು ಅನಿವಾರ್ಯ.

ಇನ್ನೊಂದು ಫಾರ್ವರ್ಡ್ ಕೂಡ ಇದೆ: ಟರ್ಬೋ ಕಾರನ್ನು ನಿಲ್ಲಿಸುವ ಮುನ್ನ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಬೇಕು. ಶಿರಾಡಿ ಘಾಟಿ ಹತ್ತಿ ಬಂದು ತಕ್ಷಣ ಬಂದ್ ಮಾಡಿದರೆ ಬಿಸಿ ಟರ್ಬೋದಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟಬಹುದು ಎನ್ನುವಷ್ಟು ನಿಜ. ಅದಕ್ಕೆ ಅರ್ಧ ಅಥವಾ ಒಂದು ನಿಮಿಷ ಸಾಕು, ಊರೊಳಗೆ ನಿಧಾನ ಓಡಿಸಿ ಬಂದಿದ್ದರೆ ಅದೂ ಬೇಡ. ತುಂಬಾ ಹೊತ್ತು ಐಡಲ್‌ನಲ್ಲಿ ಬಿಟ್ಟರೆ ಟರ್ಬೋ ಬದಿಗಳ ಒತ್ತಡ ಇಳಿದು, ಅದೇ ಉಂಗುರದ ಸಂದಿಯಿಂದ ಆಯಿಲ್ ಜಿನುಗತೊಡಗುತ್ತದೆ.